ಹತ್ತನೆಯ ಪದ

ಠಾಣೆಯಿಂದ ಬಂದ ಓಫಿರಾ ಮೇಡಂ
ಬಿಳಿ ಹಲಗೆಗೆ ನಾಲ್ಕು ಬಣ್ಣದ ಪೆನ್ನು ತಂದಿದ್ದರು.
ಕಾಕ್ಸ್‌ಟೌನಿನಲ್ಲಿ, ಹಾಸಿಗೆ ಅಂಗಡಿಯ ಮೇಲಿನ ಮಹಡಿಯಲ್ಲಿ,
ಭಾನುವಾರ, ನಾಯಕತ್ವ ತರಬೇತಿ.
ನಾವು ಹನ್ನೊಂದು ಜನ, ಕುರ್ಚಿ ಇಪ್ಪತ್ತೈದು.
ಪರದೆಯ ಹಿಂದೆ ತೋರಾ ಸುರುಳಿ,
ಕೆಳಗೆ ಹತ್ತಿ ಹಿಂಜುವ ಸದ್ದು.
ಒಂದು ಎಳೆ ಮೆಟ್ಟಿಲು ಹತ್ತಿ ಬಂದು
ಹೈಮ್ ಅಂಕಲ್ಲಿನ ಟೋಪಿಯ ಮೇಲೆ ಕೂತಿತು.

"ನಾಯಕ ಅಂದರೆ ಯಾರು?"
ಎಲ್ಲರೂ ಫ್ಯಾನು ನೋಡಿದೆವು.
ಮೇಡಂ ಒಂದು ತ್ರಿಕೋನ ಬರೆದರು:
ತುದಿಯಲ್ಲಿ ರಬ್ಬಿ, ನಡುವೆ ಸಮಿತಿ, ಬುಡದಲ್ಲಿ ಸಮುದಾಯ.
ಎಜ್ರಾ ಪೆಜಾರ್ಕರ್ ಗಂಟಲು ಸರಿಮಾಡಿಕೊಂಡ:
"ತುದಿ ಒರೆಸಿಬಿಡಿ ಮೇಡಂ, ನಮ್ಮಲ್ಲಿ ರಬ್ಬಿ ಇದ್ದೇ ಇಲ್ಲ.
ಬುಡವನ್ನೂ ಒರೆಸಿ. ಇರೋರೆಲ್ಲ ಸಮಿತಿಯೇ."
ನಕ್ಕೆವು. ಅವರೂ ನಕ್ಕರು.
ತ್ರಿಕೋನ ಮಾತ್ರ ಹಾಗೇ ಇತ್ತು.

ಆಮೇಲೆ ಹಳದಿ ಚೀಟಿ. ನಿಮ್ಮ ಹೊಣೆ ಏನು, ಬರೆಯಿರಿ.
ನಾನು ಮಿಲ್ಕಾ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಮೂವತ್ತನಾಲ್ಕು ವರ್ಷ
ಯಾರದೋ ಬಾಯಿಗೆ ಯಾರದೋ ಕಿವಿ ಜೋಡಿಸಿದವಳು.
ಚೀಟಿ ಅಂಗೈಯಷ್ಟು. ಯಾವುದನ್ನು ಬರೆಯಲಿ?
ಕಪ್ಪು ಒಣದ್ರಾಕ್ಷಿ ನೆನೆಹಾಕಿ, ಕಿವುಚಿ, ಶರಬತ್ತು ಸೋಸುವುದನ್ನೇ?
ಮಲೀದಾಕ್ಕೆ ಅವಲಕ್ಕಿ ತೊಳೆದು ಕಾಯಿ ತುರಿಯುವುದನ್ನೇ?
ನೀರಿನ ಟ್ಯಾಂಕರಿನ ಹುಡುಗನಿಗೆ
ಶನಿವಾರ ಒಂದು ದಿನ ಬರಬೇಡಪ್ಪ ಅಂತ
ವಾರವಾರವೂ ಹೊಸದಾಗಿ ಹೇಳುವುದನ್ನೇ?
ಶುಕ್ರವಾರ ಮಧ್ಯಾಹ್ನ ಡೈರಿ ತೆರೆದು
ಹತ್ತು ಗಂಡಸರನ್ನು ಒಟ್ಟುಮಾಡಲು ಹೊರಡುತ್ತೇನೆ, ಕೂತಲ್ಲೇ.
ಒಬ್ಬನಿಗೆ ಮಂಡಿನೋವು, ಒಬ್ಬನಿಗೆ ಆಡಿಟ್ಟು,
ಒಂಬತ್ತನೆಯವನು ಸಿಲ್ಕ್ ಬೋರ್ಡಿನಲ್ಲಿ ನಿಂತಿದ್ದಾನೆ.
ಸೂರ್ಯನಿಗೆ ಸಿಗ್ನಲ್ ಇಲ್ಲ.

ಕೊಂಕಣದಲ್ಲಿ ಗಾಣ ಆಡಿಸುತ್ತಿದ್ದ ನಮ್ಮ ಹಿರಿಯರನ್ನು
ಊರು "ಶನಿವಾರದ ತೇಲಿಗಳು" ಅನ್ನುತ್ತಿತ್ತಂತೆ.
ಆ ದಿನ ಎತ್ತಿಗೂ ರಜೆ.
ಹೆಸರು ಮರೆತರು, ಅಕ್ಷರ ಮರೆತರು, ದಿನ ಮರೆಯಲಿಲ್ಲ.
ಅವರಿಗೆ ಚೀಟಿ ಹಂಚಿದವರು ಯಾರು?
ನಾನು "ಫೋನು" ಎಂದಷ್ಟೇ ಬರೆದು ಅಂಟಿಸಿದೆ.

ಮುಂದಿನ ಪಾಠ: ಎಳೆಯರಿಗೆ ಹೊಣೆ ದಾಟಿಸುವುದು.
ಹದಿಮೂರು ತುಂಬಿದ ಅವ್ನೇರನನ್ನು ಎಬ್ಬಿಸಿದರು:
ಪ್ರಾರ್ಥನೆಗೆ ಹತ್ತು ಜನ ಆದರೋ, ನೋಡು.
ನಮ್ಮಲ್ಲಿ ತಲೆ ಎಣಿಸಬಾರದು.
(ಪಕ್ಕದ ಮನೆಯ ಪುಟ್ಟತಾಯಮ್ಮನೂ ಹಾಗೇ,
ಮೊಮ್ಮಕ್ಕಳನ್ನು ಎಣಿಸಿದರೆ ಗದರುತ್ತಾಳೆ.)
ಹತ್ತು ಪದದ ಒಂದು ವಾಕ್ಯವಿದೆ, ತಲೆಗೊಂದು ಪದ.
ಹುಡುಗ ಮೆಲ್ಲಗೆ ಹಂಚುತ್ತ ಬಂದ,
ಒಂಬತ್ತನೆಯದನ್ನು ತನಗೇ ಇಟ್ಟುಕೊಂಡ.
ಹತ್ತನೆಯದು ಬಾಯಲ್ಲೇ ಉಳಿಯಿತು,
ಬಿಸಿ ಬೋಂಡದ ಹಾಗೆ, ಉಗುಳುವಂತಿಲ್ಲ, ನುಂಗುವಂತಿಲ್ಲ.
ಕಣ್ಣು ನನ್ನತ್ತ ಬಂತು, ಸೆಗುಲಾಳತ್ತ ಹೋಯಿತು,
ಹೈಮ್ ಅಂಕಲ್ಲಿನ ಮುಂದೆ ನಿಂತಿತು.
ಹೈಮ್ ಅಂಕಲ್ ಟೋಪಿ ತಡವಿಕೊಂಡು
ಹತ್ತಿಯ ಎಳೆಯನ್ನು ಆಗಷ್ಟೇ ಕಂಡುಹಿಡಿದರು.
ಮೇಡಂ ಪೆನ್ನಿಗೆ ಮುಚ್ಚಳ ಹಾಕಿದರು:
"ಇದು ನೀವು ನೀವೇ ಕೂತು ಮಾತಾಡಬೇಕಾದ್ದು."
ಅಷ್ಟರಲ್ಲಿ ಊಟದ ಡಬ್ಬಿ ಬಂತು.

ಸಂಜೆ ಎಲ್ಲರಿಗೂ ಪ್ರಮಾಣಪತ್ರ.
ನನ್ನ ಹೆಸರು ಮಲ್ಲಿಕಾ ಆಗಿತ್ತು. ಇರಲಿ, ಈ ಊರಿಗೆ ಒಪ್ಪುತ್ತದೆ.
ಲೋಟ ತೊಳೆಯುವಾಗ ಅವ್ನೇರ್ ಬಂದು ನಿಂತ:
"ಆಂಟಿ, ಆ ಡೈರಿ ಫೋಟೋ ತೆಗೆದುಕೊಳ್ಳಲಾ?"
ಪುಟ ತಿರುವಿದ. ನಿಸ್ಸಿಂ ಕಂಡ್ಲೇಕರ್, ಗೆರೆ.
ಅಶ್ದೋದಿಗೆ ಹೊರಟುಹೋದ ಅಣ್ಣತಮ್ಮಂದಿರು, ಒಟ್ಟಿಗೆ ಒಂದೇ ಗೆರೆ.
"ಇವರನ್ನ ಯಾಕೆ ಹರಿದು ಹಾಕಿಲ್ಲ?"
"ಹಿಂಬದಿಯಲ್ಲಿ ಇರೋರ ನಂಬರು ಇದೆಯಲ್ಲ, ಮಗು."
"ನಿಮ್ಮ ಹೆಸರು ಎಲ್ಲಿ?"
ನನ್ನ ಡೈರಿಯಲ್ಲಿ ನನ್ನ ಹೆಸರು ಯಾಕೆ ಅಂದೆ.
ಅವನು ಏನೂ ಅನ್ನಲಿಲ್ಲ.
ತುಟಿ ಮಾತ್ರ ಒಂದು ಪದದಷ್ಟು ಅಲ್ಲಾಡಿದ ಹಾಗಿತ್ತು,
ಅಥವಾ ಮೆಟ್ಟಿಲ ದೀಪ ಮಿಟುಕಿತ್ತು.

ಬಾಗಿಲು ಎಳೆದೆ. ಬೀಗ ಎಂದಿನಂತೆ ಹಟ ಹಿಡಿಯಿತು.
"ಸ್ವಲ್ಪ ಎಣ್ಣೆ ಬಿಡಬೇಕು ಆಂಟಿ, ನಾನು ತರ್ತೀನಿ."
ತಾ, ಅಂದೆ. ಶನಿವಾರ ಬೇಡ.