ಹೆಂಗಸರ ಪಾಳಿ, ಮೂರರಿಂದ ಐದು

ಅಂಕೋಲೆಯಿಂದಾಚೆ, ಚಿರೆಕಲ್ಲು ಕಡಿದು ಬಿಟ್ಟ ಹೊಂಡ.
ಊರವರೇ ಪಟ್ಟಿ ಎತ್ತಿ, ಗಿಲಾಯಿ ಮಾಡಿ,
ಮೆಟ್ಟಿಲು ಇಳಿಸಿದ್ದಾರೆ. ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ:
ತಲೆಗೆ ಐದು ರೂಪಾಯಿ.
ಎಣ್ಣೆ ಹಚ್ಚಿಕೊಂಡು ಇಳಿಯಬಾರದು.
ಬ್ಲೀಚಿಂಗ್ ಪೌಡರ್ ಈ ವಾರ ಗಣಪು ಮತ್ತು ಇನಾಸ.

ಗುರುವಾರ ಹೆಂಗಸರದು.
ನೈಟಿಗಳು ಗಾಳಿ ತುಂಬಿಕೊಂಡು ನೀರ ಮೇಲೆ ಉಬ್ಬುತ್ತವೆ,
ಎರಡೂ ಕೈಯಲ್ಲಿ ಅದುಮಿದರೆ
ಇನ್ನೊಂದು ಕಡೆ ಏಳುತ್ತವೆ. ನಗೆಯೂ.

ತಾಂಡೇಲರ ಶೇವಂತಿ, ಅರವತ್ತೊಂದು,
ಖಾಲಿ ಎಣ್ಣೆ ಕ್ಯಾನು ಎದೆಗವಚಿ ಕಾಲು ಬಡಿಯುತ್ತಾಳೆ.
'ಸಮುದ್ರದ ಬುಡದಲ್ಲೇ ಹುಟ್ಟಿ ಈಜು ಬರೋದಿಲ್ವಾ?'
ಕೇಳಿದವಳು ನಾನು, ಪೇಟೆಯವಳು.
'ದೋಣಿ ಗಂಡಸರದು, ಬುಟ್ಟಿ ನಮ್ಮದು.
ಬುಟ್ಟಿ ಹೊತ್ತವಳಿಗೆ ನೀರು
ಮೊಣಕಾಲಮಟ, ಅಷ್ಟೇ.'

ಮೊಣಕಾಲಮಟ.
ನಾನೂ ಅಲ್ಲೇ ನಿಂತಿದ್ದೆ, ಮೂರನೇ ಮೆಟ್ಟಿಲಲ್ಲಿ,
ಸೀರೆ ಎತ್ತಿ ಹಿಡಿದು, ಕೈಗಡಿಯಾರ ಬಿಚ್ಚದೆ.

ಐದಕ್ಕೆ ಇನಾಸ ಬೇಲಿಯಾಚೆ
ಬೆನ್ನು ತಿರುಗಿಸಿ ತಟ್ಟೆ ಬಡಿದ.
ಯಾರೂ ಏಳಲಿಲ್ಲ.
ಮತ್ತೆ ಬಡಿದ.

ಕ್ಯಾನು ಒಂದೇ ತೇಲುತ್ತಾ
ನನ್ನ ಕಾಲಿನ ಹತ್ತಿರ ಬಂದು ನಿಂತಿತು.
ಅವಳೆಲ್ಲಿ?
ಆಚೆ ದಡದ ಕಲ್ಲು ಹಿಡಿದು
ಕೆಮ್ಮುತ್ತಾ, ಮೂಗಲ್ಲಿ ನೀರಿಳಿಸುತ್ತಾ,
ಕೂಗುತ್ತಿದ್ದಳು:
'ಅದನ್ನ ತಗೊಂಡು ಬಾರೇ ಇಲ್ಲಿ.'