ಹುಣಸೆಬೀಜದ ಲೆಕ್ಕ

ಮೊಳಕೈ ಮೇಜಿನ ಮೇಲಿಡು, ಎನ್ನುತ್ತೇನೆ.
ಹನ್ನೆರಡರ ಹುಡುಗ, ಅಕಾಡೆಮಿಯ ನೀಲಿ ಅಂಗಿ,
ಉಗುರಿನಲ್ಲಿ ಇನ್ನೂ ಕೆಮ್ಮಣ್ಣು.
"ಶನಿವಾರ ಮ್ಯಾಚಿದೆ, ಎಸೆಯಬಹುದಲ್ಲ?"
ಕೇಳಿದ್ದು ಹುಡುಗನಲ್ಲ, ಅವನಪ್ಪ.
ಡಾಕ್ಟರು ಹೇಳುತ್ತಾರೆ.
ನನ್ನ ಕೆಲಸ ಇಷ್ಟೇ: ಅಲ್ಲಾಡಬೇಡ, ಹಾಗೇ ಇರು.

ಪರದೆಯ ಮೇಲೆ ಎಲುಬು ಬೆಳ್ಳಗೆ ಮೂಡುತ್ತದೆ.
ತುದಿಗೂ ಕಾಂಡಕ್ಕೂ ನಡುವೆ ಕೂದಲೆಳೆಯ ಕಪ್ಪು ಗೆರೆ,
ಇನ್ನೂ ಕೂಡಿಕೊಳ್ಳದ ಜಾಗ; ಬೆಳೆಯುವುದೆಲ್ಲ ಅಲ್ಲಿಂದಲೇ.
ಇವನದು ತುಸು ಹೆಚ್ಚೇ ಬಾಯಿ ಬಿಟ್ಟಿದೆ.

ಲೋಣಕರ್ ಸರ್ ಈ ಗೆರೆಯನ್ನು ಕಂಡವರಲ್ಲ.
ಖಡಕಿಯ ಮದ್ದಿನ ಕಾರ್ಖಾನೆಯಲ್ಲಿ ಮೂವತ್ತು ವರ್ಷ
ಫ್ಯೂಸು ಎಣಿಸಿದವರು,
ಒಂದು ಕಡಿಮೆ ಬಿದ್ದರೂ ಮನೆಗೆ ಹೋಗುವಂತಿರಲಿಲ್ಲ.
ನಿವೃತ್ತಿಯಾದ ಮೇಲೆ ನಮ್ಮನ್ನು ಎಣಿಸಿದರು,
ದಾಪೋಡಿಯ ಶಾಲೆಯ ಹಿಂದೆ, ಮುಳಾ ನದಿ ನಾರುವ ಬಯಲಲ್ಲಿ.
ಒಡೆದ ಟೈಲ್ಸು ಕುಟ್ಟಿ, ಮಣ್ಣು ಸುರಿದು ಎತ್ತರಿಸಿದ ದಿಬ್ಬ
ನನ್ನ ಮೌಂಡು. ಕುಟ್ಟಿದವನು ನನ್ನಪ್ಪ,
ಇಂಡಿ ತಾಲೂಕಿನ ಗೌಂಡಿ.

ಸರ್ ಬಲಜೇಬಿನಲ್ಲಿ ಅರವತ್ತು ಹುಣಸೆಬೀಜ.
ನಾನು ಎಸೆದಂತೆಲ್ಲ ಒಂದೊಂದೇ ಎಡಜೇಬಿಗೆ.
ಬಲಜೇಬು ಬರಿದಾದರೆ ಮುಗಿಯಿತು,
ಎದುರಿಗೆ ಯಾರೇ ಬ್ಯಾಟು ಹಿಡಿದಿರಲಿ.
ಚೆಂಡಿಗೆ ನೂರೆಂಟು ಹೊಲಿಗೆ ಸರ್, ಜಪಮಾಲೆಯ ಹಾಗೆ,
ಅರವತ್ತಕ್ಕೇ ನಿಲ್ಲಿಸಿದರೆ ದೇವರಿಗೆ ಸಿಟ್ಟು ಬರಲ್ವಾ, ಎಂದರೆ
"ಉಳಿದದ್ದು ನಾನು ಮಾಡ್ಕೋತೀನಿ, ನೀನು ಮನೆಗೆ ಹೋಗು."

ಜಳಗಾವಿನ ಫೈನಲ್ಲು. ಏಳನೆಯ ಇನಿಂಗ್ಸು, ಇಬ್ಬರು ಔಟು,
ಒಬ್ಬಳು ಮಾತ್ರ ಬಾಕಿ. ನನ್ನ ತೋಳಲ್ಲಿ ನೋವೇ ಇರಲಿಲ್ಲ.
ಸರ್ ನಡೆದು ಬಂದರು, ಅಂಗೈ ಚಾಚಿದರು.
ಕೊಡಲಿಲ್ಲ. ಕೈಗವಸಿನೊಳಗೆ ಚೆಂಡು ಅಮುಕಿಕೊಂಡು ನಿಂತೆ.
ಆಗ, ಅಪ್ಪನಿಂದ ಕಲಿತ ಮಾತನ್ನು
ಮರಾಠಿ ನಾಲಿಗೆಯಲ್ಲಿ ತಡಕಾಡಿ ಹೇಳಿದರು:
"ಹಸಿ ಗಾರಿಗೆ ಮಳಿ ಹೊಡೀಬಾರ್ದು, ಮಹಾನಂದಾ."
ಮೊಳೆ ಎನ್ನಲು ಹೋಗಿ ಮಳೆ ಎಂದಿದ್ದರು.
ಅದೂ ಸರಿಯೇ. ನಾನು ನಗಲಿಲ್ಲ.

ಸೋತೆವು.
ನಾಲ್ಕು ತಿಂಗಳು, ಕಂಡರೆ ರಸ್ತೆ ದಾಟುತ್ತಿದ್ದೆ.
ಅವರು ಸೈಕಲ್ಲಿನಿಂದ ಒಂದು ಕಾಲು ನೆಲಕ್ಕೂರಿ
ನನ್ನ ಮುಖವನ್ನಲ್ಲ,
ಚೀಲ ಹೊತ್ತ ತೋಳನ್ನು ನೋಡುತ್ತಿದ್ದರು.

ಆಮೇಲೆ ಆಟ ತಾನಾಗಿ ಬಿಟ್ಟುಹೋಯಿತು,
ಡಿಪ್ಲೊಮಾ, ರಾತ್ರಿಪಾಳಿ, ಮಗಳು.
ತೋಳು ಮಾತ್ರ ಉಳಿಯಿತು.
ಇದರಲ್ಲೇ ಸೀಸದ ಏಪ್ರನ್ ಎತ್ತಿ ಗೂಟಕ್ಕೆ ಹಾಕುತ್ತೇನೆ,
ಮಗಳ ಜಡೆ ಹೆಣೆಯುತ್ತೇನೆ,
ತುಂಬಿದ ಕೊಡ ಕಟ್ಟೆಯ ಮೇಲೇರಿಸುತ್ತೇನೆ.
ನೋಯದ ಮೊಳಕೈ ನೆನಪಾಗುವುದೇ ಇಲ್ಲ,
ಇಂಥ ಯಾರಾದರೂ ಬಂದು ಮೇಜಿನ ಮೇಲೆ ಕೈಯಿಡುವ ತನಕ.

ಫಿಲ್ಮು ಲಕೋಟೆಗೆ ಹಾಕಿ ಹುಡುಗನನ್ನು ಕೇಳುತ್ತೇನೆ:
ದಿನಕ್ಕೆ ಎಷ್ಟು ಎಸೀತೀಯ?
ಎಣಿಸಿಲ್ಲ.
ಯಾರೂ ಎಣಿಸಲ್ವಾ?
ಅವನು ಅಪ್ಪನ ಕಡೆ ತಿರುಗುತ್ತಾನೆ.
ಅಪ್ಪ ಫಿಲ್ಮನ್ನು ಹೊರಗೆಳೆದು
ಟ್ಯೂಬ್‌ಲೈಟಿಗೆ ಹಿಡಿದು ನೋಡುತ್ತಿದ್ದಾನೆ,
ತಲೆಕೆಳಗಾಗಿ.