ಹೊಟ್ಟು

ನನ್ನ ಕೆಲಸ ಇಷ್ಟೇ:
ಲಾರಿ ಕಾಟಾದ ಮೇಲೆ ಬಂದು ನಿಂತ ಕೂಡಲೇ
ತಾಡಪತ್ರಿಯ ಒಂದು ಮೂಲೆ ಎತ್ತಿ
ಮೊಣಕೈ ತನಕ ಹೊಟ್ಟಿನೊಳಗೆ ಕೈ ಹಾಕುವುದು.
ಮೇಲಿನದು ಎಲ್ಲರದೂ ಒಣಗಿಯೇ ಇರುತ್ತದೆ.
ಸುಳ್ಳು ಇರುವುದು ನಡುವೆ, ಬೆಚ್ಚಗೆ.

ಒಂದು ಮುಷ್ಟಿ ತೆಗೆದು ಮೀಟರಿಗೆ ಸುರಿಯುತ್ತೇನೆ.
ಹದಿನೈದು ದಾಟಿದರೆ ದರ ಕಡಿತ,
ಮೂವತ್ತು ದಾಟಿದರೆ ಲಾರಿ ವಾಪಸ್.
ಡ್ರೈವರ್ ಬೈಯುತ್ತಾನೆ, ಕನ್ನಡದಲ್ಲಿ ಅರ್ಧ, ಮರಾಠಿಯಲ್ಲಿ ಅರ್ಧ.
ಮೀಟರು ಹೇಳುವ ಮೊದಲೇ ನನಗೆ ಗೊತ್ತಿರುತ್ತದೆ:
ಬೆರಳ ಸಂದಿಯಿಂದ ಉದುರಿದರೆ ಹೊಟ್ಟು,
ಉಂಡೆ ಕಟ್ಟಿದರೆ ಅವನು ಮಾರುತ್ತಿರುವುದು ನೀರು.
ಕೈಗೆ ಹಳದಿ ಹತ್ತಿದರೆ ಹೊನ್ನೆ,
ಕಪ್ಪು ಗೆರೆ ಬೆರೆತರೆ ಮತ್ತಿ,
ಜಿಡ್ಡು, ಹಳೇ ಚಪ್ಪಲಿಯ ವಾಸನೆ — ಸಾಗವಾನಿ.
ನೀಲಗಿರಿ ಬಂದ ದಿನ ಇಡೀ ಕಾಟಾಕ್ಕೇ ನೆಗಡಿ ಬಿಡುತ್ತದೆ.

ಇದನ್ನು ಕಂಪನಿ ಕಲಿಸಲಿಲ್ಲ.

ಅಜ್ಜ ಹತ್ತಿ ಹಿಂಜಿದ, ಅಪ್ಪ ಮರ ಸೀಳಿದ;
ಮೂಗಿನೊಳಗೆ ಹೋಗಿದ್ದು ಇಬ್ಬರಿಗೂ ಹೆಚ್ಚುಕಡಿಮೆ ಒಂದೇ.
ಖಾನಾಪುರದ ಅಡ್ಡೆಯಿಂದ ಸಂಜೆ ಅಪ್ಪ
ಹುಬ್ಬಿನ ತುಂಬ ಹೊಟ್ಟು, ತಲೆಯ ಮೇಲೊಂದು ಚೀಲ ಹೊತ್ತು ಬರುತ್ತಿದ್ದ.
ಆಗ ಅದಕ್ಕೆ ರೊಕ್ಕ ಕೇಳುವವರಿರಲಿಲ್ಲ.
"ಒಯ್ಯೋ ಮೌಲಾ, ಜಾಗಾ ಖಾಲಿ ಆಗ್ಲಿ" ಅನ್ನುತ್ತಿದ್ದ ಮಾಲಕ.

ಅವ್ವನ ಒಲಿ ಎಂದರೆ ಒಂದು ಎಣ್ಣಿ ಡಬ್ಬಿ,
ತಳದ ಬದಿಗೆ ಉಳಿಯಿಂದ ಕೊರೆದ ತೂತು.
ನಡುವೆ ಬಾಟ್ಲಿ ನಿಲ್ಲಿಸಿ
ಸುತ್ತಲೂ ಹೊಟ್ಟು ಸುರಿದು, ಒನಕೆಯ ತುದಿಯಿಂದ ಜಡಿದು
ಆಮೇಲೆ ಉಸಿರು ಬಿಗಿಹಿಡಿದು
ತಿರುವಿ ತಿರುವಿ ಬಾಟ್ಲಿ ಎಳೆಯಬೇಕು.
ಕುಸಿದರೆ ಮತ್ತೆ ಮೊದಲಿನಿಂದ.
ಕುಸಿಯದಿದ್ದರೆ
ಬಾಟ್ಲಿ ಇದ್ದ ಜಾಗದಲ್ಲಿ ಉರಿ ಎದ್ದು ನಿಲ್ಲುತ್ತಿತ್ತು.
ಊದುವ ಹಂಗಿಲ್ಲ.
ಒಂದು ಡಬ್ಬಿಗೆ ಇಪ್ಪತ್ತು ರೊಟ್ಟಿ, ಬ್ಯಾಳಿ,
ಉಳಿದ ಕಾವಿಗೆ ಅಪ್ಪನ ಜಳಕದ ನೀರು.

ಅವನ ನಡುಬೆರಳು ಗರಗಸಕ್ಕೆ ಹೋದ ದಿನ
ಅಡ್ಡೆಯವರು ಗುಡ್ಡೆಯನ್ನೆಲ್ಲ ಕೆದರಿದರು. ಸಿಗಲಿಲ್ಲ.
"ಯಾರದೋ ಒಲ್ಯಾಗ ನಾಕ್ ರೊಟ್ಟಿ ಬೇಯಿಸಿ ಹೋತು ಬಿಡ್ರಿ"
ಎಂದು ದವಾಖಾನೆಯಲ್ಲಿ ಅವನೇ ನಕ್ಕ.
ಆ ವಾರವೆಲ್ಲ ಅವ್ವ
ಹೊಟ್ಟನ್ನು ಜರಡಿ ಹಿಡಿದೇ ಒಲಿಗೆ ತುಂಬಿದಳು.

ಈಗ ಹೊಟ್ಟು, ತೊಗಟೆ, ಟೊಂಗೆ, ಸಿಬಿರು,
ಎಲ್ಲಕ್ಕೂ ಟನ್ನಿನ ಲೆಕ್ಕ, ಎಲ್ಲಕ್ಕೂ ಚೀಟಿ.
ಬಾಯ್ಲರಿನ ಅಡಿವೆಪ್ಪ ಒಮ್ಮೆ ಕಿಂಡಿಗೆ ನೀಲಿ ಗಾಜು ಹಿಡಿದು ತೋರಿಸಿದ:
ಸುತ್ತಲೂ ನೀರಿನ ಕೊಳವೆ,
ನಡುವೆ ನಾಲ್ಕು ಅಂತಸ್ತು ಎತ್ತರದ ಬಯಲು,
ಅದರ ತುಂಬ ಉರಿ.
ಅವ್ವನ ಡಬ್ಬಿಯೇ.
ಇಷ್ಟು ದೊಡ್ಡ ಬಾಟ್ಲಿಯನ್ನು ಯಾರು ಎಳೆದರೋ.

"ಊರಿನ ಹೊಟ್ಟೆಲ್ಲಾ ನೀನ ತೂಗಿ ತೂಗಿ ಒಳಗ ಕಳಸ್ತಿ,
ನನಗ ಒಂದ ಚೀಲ ಇಲ್ಲ" ಅನ್ನುತ್ತಾಳೆ.
ನಾನು ಬಲ್ಬು ಹಚ್ಚಿ ತೋರಿಸಿದೆ: ಇದೂ ಅದೇ, ಅವ್ವಾ.
ಅವಳು ಎದ್ದು ಅಂಗೈ ಅದರ ಹತ್ತಿರ ಹಿಡಿದಳು,
ಮೂಗು ಹಿಡಿದಳು, ಕೂತಳು.
"ಇದರ ಮ್ಯಾಲ ಒಂದ ರೊಟ್ಟಿ ಬೇಯಿಸು, ನೋಡೂಣು."

ಶನಿವಾರ ಒಂದು ಚೀಲ ಬೂದಿ ಹೊತ್ತು ತಂದೆ, ಭಾಂಡೆ ತಿಕ್ಕಲಿಕ್ಕೆ.
ಗೇಟಿನವನು ಚೀಟಿ ಕೇಳಲಿಲ್ಲ;
ಬೂದಿಯನ್ನು ಕಾಟಾಕ್ಕೆ ಹಾಕುವುದಿಲ್ಲ.
ಅವ್ವ ಹಿತ್ತಲಲ್ಲಿ ಅದೇ ಜರಡಿ ತೆಗೆದಳು,
ಸುರಿದಳು, ಅಲ್ಲಾಡಿಸಿದಳು, ಬಗ್ಗಿ ನೋಡಿದಳು.

"ಏನ ಹುಡಕಾಕತ್ತೀ?"
"ಏನಿಲ್ಲ. ಮೊಳಿ, ಹಳ್ಳು ಇರತಾವು" ಎಂದು
ಇನ್ನೊಂದು ಬೊಗಸೆ ಸುರಿದುಕೊಂಡಳು.